ಡ್ರಾಯರ್ ಖಾನೆಗಳಿಗೆ ಟೇಬಲ್ ಸಾದಲ್ಲಿ ಅಗಲ ಕಚ್ಚು

ಡ್ರಾಯರನ್ನು ಖಾನೆಗಳಾಗಿ ಭಾಗಿಸಲು ಒಂದಕ್ಕೊಂದು ಅಡ್ಡಲಾಗಿ ಕೂರುವ ಹಲಗೆಗಳಲ್ಲಿ ಕಚ್ಚಿನ (ಒಂದು ಹಲಗೆ ಇನ್ನೊಂದರೊಳಗೆ ಇಳಿಯಲು ಕೊಯ್ಯುವ ಸೀಳಿನ) ಅಗಲ ಹಲಗೆಯ ದಪ್ಪದಷ್ಟೇ ಇರಬೇಕು. 12 ಎಂಎಂ ಎಂದು ಮಾರುವ ಪ್ಲೈವುಡ್ ಎಷ್ಟೋ ಸಲ ಅಷ್ಟು ಇರುವುದಿಲ್ಲ. ಲೇಬಲ್ ನಂಬಬೇಡಿ, ದಪ್ಪ ಅಳೆಯುವ ಕ್ಯಾಲಿಪರ್ ಹಿಡಿಯಿರಿ.

ಹಲಗೆಯ ಎತ್ತರ 80 ಎಂಎಂ ಇದ್ದರೆ ಟೇಬಲ್ ಸಾದ ಮೇಜಿನಿಂದ ಮೇಲೆದ್ದಿರುವ ಗರಗಸದ ಬ್ಲೇಡನ್ನು ಅದರ ಅರ್ಧ, ಅಂದರೆ 40ಕ್ಕಿಂತ ಕೂದಲೆಳೆಯಷ್ಟು ಮೇಲಕ್ಕೆತ್ತಿ. ಕಡಿಮೆಯಾದರೆ ಹಲಗೆಗಳು ಪೂರ್ತಿ ಇಳಿಯದೆ ಮೇಲಂಚು ಏರುಪೇರಾಗುತ್ತದೆ. ಬ್ಲೇಡ್ ಗಾರ್ಡ್ ತೆಗೆಯಬೇಕಾಗುತ್ತದೆ. ಬ್ಲೇಡಿಗಿಂತ ತಗ್ಗಿರುವ ರೈವಿಂಗ್ ನೈಫ್ (ಬ್ಲೇಡಿನ ಹಿಂದೆ ನಿಲ್ಲುವ ತೆಳು ಲೋಹದ ಪಟ್ಟಿ) ಹಾಗೇ ಇರಲಿ. ಎತ್ತರ ಸರಿಪಡಿಸುವಾಗ ಪ್ಲಗ್ ಕಿತ್ತಿರಲಿ.

ಒಂದೇ ಅಳತೆಯ ನಾಲ್ಕು ಹಲಗೆಗಳನ್ನು ಟೇಪ್ ಸುತ್ತಿ ಕಟ್ಟು ಮಾಡಿ, ಅಂಚಿನ ಮೇಲೆ ನಿಲ್ಲಿಸಿ, ಮೈಟರ್ ಗೇಜಿಗೆ (ಹಲಗೆಯನ್ನು ಬ್ಲೇಡಿನತ್ತ ನೇರವಾಗಿ ತಳ್ಳುವ, ಮೇಜಿನ ಗಾಡಿಯಲ್ಲಿ ಜಾರುವ ಸಾಧನ) ಎತ್ತರದ ಹಿಂಬದಿ ಹಲಗೆ ಬಿಗಿದು ಅದಕ್ಕೆ ಕ್ಲ್ಯಾಂಪ್ ಮಾಡಿ. ಈ ಹಿಂಬದಿ ಹಲಗೆ ಇಲ್ಲದಿದ್ದರೆ ಬ್ಲೇಡ್ ಹೊರಬರುವ ಕಡೆ ಪ್ಲೈ ಸಿಬಿರೆದ್ದು ಕೆಡುತ್ತದೆ.

ಒಂದೇ ಸಲಕ್ಕೆ ಅಗಲ ಕಚ್ಚು ಕೊಯ್ಯುವ ಡೇಡೋ ಬ್ಲೇಡ್ ಬೇಕೆಂದಿಲ್ಲ. ಅದು ಹಿಡಿಯುವಷ್ಟು ಉದ್ದದ ಆರ್ಬರ್ (ಬ್ಲೇಡ್ ಕೂರುವ ದಂಡ) ಹಲವು ಯಂತ್ರಗಳಲ್ಲಿ ಇರುವುದೂ ಇಲ್ಲ. 3 ಎಂಎಂ ಸೀಳುವ ಮಾಮೂಲಿ ಬ್ಲೇಡಿನಲ್ಲಿ ಮೊದಲು ಎರಡು ಹೊರಗೆರೆ ಕೊಯ್ಯಿರಿ, ಆಮೇಲೆ ಸಲಕ್ಕೆ 2 ಎಂಎಂ ಸರಿಸುತ್ತಾ ನಡುವಿನದನ್ನು ತೆಗೆಯಿರಿ. ತೀರಾ ತೆಳು ಪಟ್ಟಿ ಉಳಿಸಿದರೆ ಮುರಿದು ಚಿಮ್ಮುತ್ತದೆ. ಹಲ್ಲುಗಳು ಓರೆಯಾಗಿದ್ದರೆ ತಳದಲ್ಲಿ ಸಣ್ಣ ಏಣು ಉಳಿಯುತ್ತದೆ. ಅದಕ್ಕೆ ಉಳಿ ಸಾಕು.

ಮೊದಲ ಕಚ್ಚು ರದ್ದಿ ತುಂಡಿನಲ್ಲೇ ಆಗಲಿ. ಅಂಗೈಯಿಂದ ಒತ್ತಿದರೆ ಇಳಿಯಬೇಕು. ಸುತ್ತಿಗೆ ಬೇಕಾದರೆ ಬಿಗಿ, ತಾನಾಗಿ ಜಾರಿದರೆ ಸಡಿಲ. ಪಾಲಿಶ್ ಪದರಕ್ಕೂ ಒಂಚೂರು ಜಾಗ ಬಿಡಿ.