ಅಮ್ಮನ ಧಾರೆ ಸೀರೆ ಯಾವ ಬಣ್ಣದ್ದು?

ಆಲ್ಬಮ್ ತೆರೆದರೆ ಎಲ್ಲರೂ ಕೆಂಪಗಿದ್ದರು. ಅಪ್ಪ, ಅಮ್ಮ, ಪುರೋಹಿತರು, ಹಿಂದೆ ಇಣುಕುವ ಮಕ್ಕಳು, ಚಪ್ಪರಕ್ಕೆ ಕಟ್ಟಿದ ಮಾವಿನ ಸೊಪ್ಪು ಕೂಡ. ಯಾರೋ ಎಲ್ಲರ ಮೇಲೂ ಓಕುಳಿ ಎರಚಿದ ಹಾಗೆ.

ಅದು 1982ರ ಮದುವೆ. ನಮ್ಮ ದೂರದರ್ಶನಕ್ಕೆ ಬಣ್ಣ ಬಂದ ವರ್ಷ. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಅಜ್ಜನ ಮನೆಯ ಅಂಗಳದಲ್ಲಿ ನಡೆದದ್ದು. ಕಲರ್ ದುಬಾರಿ ಅಂತ ಅಜ್ಜ ಒಂದೇ ಒಂದು ಕಲರ್ ರೋಲಿಗೆ ಒಪ್ಪಿದ್ದರಂತೆ. 36 ಫೋಟೊ, ಅಷ್ಟೇ. ಉಳಿದದ್ದೆಲ್ಲ ಕಪ್ಪು ಬಿಳುಪು. ಈಗ ನೋಡಿದರೆ ಕಪ್ಪು ಬಿಳುಪಿನವು ಇನ್ನೂ ಗಟ್ಟಿಮುಟ್ಟಾಗಿವೆ. ಜಾಸ್ತಿ ದುಡ್ಡು ಸುರಿದದ್ದೇ ಹಾಳಾಗಿದೆ.

ಇದಕ್ಕೆ ಕಾರಣ ಇದೆ. ಕಪ್ಪು ಬಿಳುಪು ಫೋಟೊದಲ್ಲಿ ಚಿತ್ರವಾಗಿ ಕೂತಿರುವುದು ಬೆಳ್ಳಿಯ ಕಣ. ಕಲರ್ ಪ್ರಿಂಟಿನಲ್ಲಿ ಇರುವುದು ಮೂರು ಪದರ ಬಣ್ಣ: ಸಯಾನ್ ಅನ್ನುವ ಹಸಿರು ಬೆರೆತ ನೀಲಿ, ಮಜೆಂಟಾ ಅನ್ನುವ ಕಡು ಗುಲಾಬಿ, ಹಳದಿ. ಆ ಕಾಲದ ಪ್ರಿಂಟುಗಳಲ್ಲಿ ಸಯಾನ್ ಬಲು ದುರ್ಬಲ. ಬಿಸಿಲೇ ಬೇಕಿಲ್ಲ, ಟ್ರಂಕಿನ ಕತ್ತಲಲ್ಲಿ ಇಟ್ಟರೂ ಮಾಸುತ್ತದೆ. ಸೆಕೆ, ತೇವ ಇದ್ದರೆ ಇನ್ನೂ ಬೇಗ. ಕೆಂಪು ಬೆಳಕನ್ನು ತಡೆಯುವುದು ಸಯಾನಿನ ಕೆಲಸ. ಕಾವಲಿನವನೇ ಓಡಿಹೋದ ಮೇಲೆ ಕೆಂಪು ನುಗ್ಗದೇ ಇರುತ್ತದೆಯೇ?

ಈ ಫೋಟೊಗಳಿಗೆ ಬಣ್ಣ ವಾಪಸ್ ತರೋಣ ಅಂತ ಮೊದಲು ನೆಗೆಟಿವ್ ಹುಡುಕಿದೆ. ನೆಗೆಟಿವ್ ಸಿಕ್ಕಿದರೆ ಅರ್ಧ ಕೆಲಸ ಕಡಿಮೆಯಾಗುತ್ತದೆ. ಫೋಟೊ ತೆಗೆದ ಸ್ಟುಡಿಯೊ ಮುಚ್ಚಿ ಯಾವ ಕಾಲವಾಯಿತೋ. ಅಟ್ಟದಲ್ಲಿ ಸಿಕ್ಕ ಕವರಿನೊಳಗೆ ಪಟ್ಟಿಗಳೆಲ್ಲ ಒಂದಕ್ಕೊಂದು ಅಂಟಿ ಹಪ್ಪಳದ ಹಾಗಾಗಿದ್ದವು. ಅದನ್ನು ಅಲ್ಲೇ ಬಿಟ್ಟೆ.

ಆಲ್ಬಮ್ಮಿನಿಂದ ಫೋಟೊ ಬಿಡಿಸುವುದೇ ಒಂದು ಕಥೆ. ಅದು ಅಂಟಿನ ಗೆರೆಗಳ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚುವ ಆಲ್ಬಮ್. ಒಂದು ಕಾಲದಲ್ಲಿ ಎಲ್ಲರ ಮನೆಯಲ್ಲೂ ಇತ್ತು, ಅಲ್ವಾ? ಮೊದಲನೆಯದನ್ನು ಸುಮ್ನೆ ಮೂಲೆ ಹಿಡಿದು ಎಳೆದೆ. ದೊಡ್ಡಪ್ಪನ ಮೊಣಕೈ ಆಲ್ಬಮ್ಮಿನಲ್ಲೇ ಉಳಿಯಿತು. ಆಮೇಲೆ ಬುದ್ಧಿ ಬಂತು. ಹಲ್ಲು ಸಂದಿಗೆ ಹಾಕುವ ದಾರವನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದು, ಫೋಟೊದ ಹಿಂದೆ ತೂರಿಸಿ, ಗರಗಸದ ಹಾಗೆ ನಿಧಾನ ಆಡಿಸಬೇಕು. ಒಂದು ಫೋಟೊಗೆ ಹತ್ತು ನಿಮಿಷ ಹಿಡಿಯಿತು. ಇನ್ನೊಂದು ಮಾತು. ಬೂಷ್ಟು ಕಂಡ ತಕ್ಷಣ ಒದ್ದೆ ಬಟ್ಟೆ ತಗೊಂಡು ಒರೆಸಬೇಡಿ. ಬೂಷ್ಟು ತಿನ್ನುವುದೇ ಫೋಟೊ ಮೇಲಿನ ಜೆಲಟಿನ್ ಪದರವನ್ನು. ನೀರು ತಾಗಿದರೆ ಆ ಪದರ ಉಬ್ಬಿ ಬಣ್ಣ ಸಮೇತ ಕಿತ್ತು ಬರುತ್ತದೆ. ಒಣ ಮೆತ್ತನೆ ಬ್ರಷ್ಷಿನಲ್ಲಿ ಎಷ್ಟು ಹೋಗುತ್ತದೋ ಅಷ್ಟು ಸಾಕು. ಉಳಿದದ್ದನ್ನು ಕಂಪ್ಯೂಟರಿನಲ್ಲಿ ಅಳಿಸಬಹುದು.

ಸ್ಕ್ಯಾನ್ ಮಾಡಿದ್ದು 600 ಡಿಪಿಐಯಲ್ಲಿ, ಅಂದ್ರೆ ಇಂಚಿಗೆ 600 ಚುಕ್ಕಿ. 16 ಬಿಟ್ (ಯಾಕೆ ಅಂತ ಮುಂದೆ ಹೇಳ್ತೀನಿ), ಚಿತ್ರದ ವಿವರ ಕಳೆಯದ ಟಿಫ್ ಫೈಲು. ಸ್ಕ್ಯಾನರ್ ತಾನಾಗಿಯೇ ಬಣ್ಣ ಸರಿಮಾಡುವ ಆಯ್ಕೆಯನ್ನೆಲ್ಲ ಬಂದ್ ಮಾಡಿದ್ದೆ. ನಮ್ಮ ಫೋಟೊಗಳ ಕಾಗದ ನುಣುಪಲ್ಲ, ಮೇಲೆಲ್ಲ ಸಣ್ಣ ಸಣ್ಣ ಗುಳ್ಳೆಗಳ ವಿನ್ಯಾಸ. ಸ್ಕ್ಯಾನರಿನ ಬೆಳಕು ಒಂದೇ ಕಡೆಯಿಂದ ಬಿದ್ದು ಪ್ರತಿ ಗುಳ್ಳೆಗೂ ಒಂದು ನೆರಳು. ಅದಕ್ಕೊಂದು ಉಪಾಯ ಇದೆ. ಫೋಟೊವನ್ನು ತಲೆಕೆಳಗು ಮಾಡಿ ಇನ್ನೊಮ್ಮೆ ಸ್ಕ್ಯಾನ್ ಮಾಡಿ. ಎರಡನೆಯದನ್ನು ನೇರ ಮಾಡಿ ಮೊದಲನೆಯದರ ಮೇಲೆ ಸರಿಯಾಗಿ ಕೂರಿಸಿ, ಅರ್ಧ ಪಾರದರ್ಶಕ ಮಾಡಿ. ನೆರಳುಗಳು ಒಂದನ್ನೊಂದು ಹೊಡೆದುಹಾಕುತ್ತವೆ.

ಬಣ್ಣದ ಕೆಲಸಕ್ಕೆ ಗಿಂಪ್ ಅನ್ನುವ ಫೋಟೊ ತಿದ್ದುವ ತಂತ್ರಾಂಶ ಬಳಸಿದೆ. ಪುಕ್ಕಟೆ, ಮತ್ತೆ 2018ರಲ್ಲಿ ಬಂದ 2.10 ಆವೃತ್ತಿಯಿಂದ 16 ಬಿಟ್ ಫೈಲನ್ನೂ ನಿಭಾಯಿಸುತ್ತದೆ. ಕತ್ತಲು ಬೆಳಕು ಹೊಂದಿಸುವ ಲೆವೆಲ್ಸ್ ತೆರೆದು ಕೆಂಪು ಚಾನೆಲ್, ಅಂದ್ರೆ ಚಿತ್ರದ ಕೆಂಪು ಪಾಲನ್ನು ಆರಿಸಿದರೆ ಗುಡ್ಡದ ಆಕಾರದ ಗ್ರಾಫು ಕಾಣುತ್ತದೆ. ಎಡ ತುದಿ ಕತ್ತಲು, ಬಲ ತುದಿ ಬೆಳಕು. ನಮ್ಮ ಧಾರೆ ಫೋಟೊದಲ್ಲಿ ಆ ಗುಡ್ಡ ಪೂರಾ ಬಲಗಡೆಗೆ ಒತ್ತಿಕೊಂಡು ಕೂತಿತ್ತು. 0ಯಿಂದ 255ರ ಅಳತೆಯಲ್ಲಿ 110ರವರೆಗೆ ಬರೀ ಬಯಲು. ಎಡಗಡೆಯ ಕಪ್ಪು ತ್ರಿಕೋನವನ್ನು ಎಳೆದು ಗುಡ್ಡದ ಬುಡಕ್ಕೆ ತಂದೆ. ಇಟ್ಟಿಗೆ ಬಣ್ಣಕ್ಕಿದ್ದ ಅಪ್ಪನ ಕೂದಲು ಥಟ್ಟನೆ ಕಪ್ಪಾಯಿತು. ಹಸಿರು, ನೀಲಿ ಚಾನೆಲ್‌ಗಳಿಗೂ ಇದನ್ನೇ ಮಾಡಿದೆ, ಅವಕ್ಕೆ ಸ್ವಲ್ಪ ಎಳೆದರೆ ಸಾಕಾಯಿತು. 16 ಬಿಟ್ ಯಾಕೆ ಅಂದ್ರೆ, 8 ಬಿಟ್ಟಿನಲ್ಲಿ ಒಂದು ಚಾನೆಲ್‌ಗೆ 256 ಮೆಟ್ಟಿಲು ಮಾತ್ರ. ಉಳಿದಿರುವ 145ನ್ನು ಎಳೆದು 256 ಮಾಡಿದರೆ ನಡುನಡುವೆ ಮೆಟ್ಟಿಲು ತಪ್ಪಿ ಗೋಡೆಯ ಮೇಲೆಲ್ಲ ಪಟ್ಟೆ ಕಾಣುತ್ತದೆ. 16 ಬಿಟ್ಟಿನಲ್ಲಿ 65,536 ಮೆಟ್ಟಿಲಿರುತ್ತವೆ, ಎಳೆದದ್ದು ಗೊತ್ತೇ ಆಗುವುದಿಲ್ಲ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ನಿಜವಾದ ಪೇಚಾಟ ಶುರುವಾದದ್ದೇ ಇಲ್ಲಿಂದ.

ಒಂದು ರಾತ್ರಿ ಹನ್ನೊಂದರವರೆಗೆ ಕೂತು ಆರು ಫೋಟೊ ಸರಿಮಾಡಿದೆ. ಬೆಳಿಗ್ಗೆ ನೋಡಿದರೆ ಆರರಲ್ಲೂ ಜನ ನೀಲಿಗಟ್ಟಿ ಹೋಗಿದ್ದರು. ಲ್ಯಾಪ್‌ಟಾಪಿನ ನೈಟ್ ಲೈಟ್ ಸಂಜೆಯಾದ ಕೂಡಲೇ ಪರದೆಯನ್ನು ಹಳದಿ ಮಾಡಿತ್ತು. ನಾನು ಆ ಹಳದಿಯನ್ನು ಫೋಟೊದ್ದು ಅಂದುಕೊಂಡು ತೆಗೆಯುತ್ತಾ ಹೋಗಿದ್ದೆ. ಅದಕ್ಕಿಂತ ದೊಡ್ಡ ಮೋಸಗಾರ ನಮ್ಮ ಕಣ್ಣು. ಕೆಂಪು ಫೋಟೊವನ್ನೇ ಹತ್ತು ನಿಮಿಷ ದಿಟ್ಟಿಸಿದರೆ ಅದು ಸರಿಯಾಗೇ ಇದೆ ಅನ್ನಿಸತೊಡಗುತ್ತದೆ. ಅದಕ್ಕೆ ಕಣ್ಣನ್ನು ನಂಬದೆ, ಬಣ್ಣ ಖಚಿತವಾಗಿ ಗೊತ್ತಿರುವ ಒಂದು ವಸ್ತುವನ್ನು ಪ್ರತಿ ಫೋಟೊದಲ್ಲೂ ಹುಡುಕಲು ಶುರುಮಾಡಿದೆ.

ಬಿಳಿ ಸುಲಭ ಅಂತ ಪುರೋಹಿತರ ಪಂಚೆಯ ಮೇಲೆ, ಇದೇ ಬಿಳಿ ಅಂತ ತೋರಿಸಿಕೊಡುವ ಐಡ್ರಾಪರ್ ಒತ್ತಿದೆ. ಎಲ್ಲರ ಮುಖಕ್ಕೂ ಕಾಮಾಲೆ ಬಂತು! ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಆಗ ಬಿಳಿ ಬಟ್ಟೆಯನ್ನು ನೀಲಿ ಹಾಕಿ ಒಗೆಯುತ್ತಿದ್ದರಲ್ಲ, ಮದುವೆಗೆ ಉಟ್ಟ ಪಂಚೆ ಅಂದ್ರೆ ಕೇಳಬೇಕೇ. ಅದು ಬರೀ ಬಿಳಿಯಲ್ಲ, ನೀಲಿ ಮಿಶ್ರಿತ ಬಿಳಿ. ಸುಣ್ಣದ ಗೋಡೆಯದ್ದೂ ಅದೇ ಪಾಡು. ಕೊನೆಗೆ ಕೈಹಿಡಿದದ್ದು ಅಜ್ಜನ ನರೆಗೂದಲು. ಅಲ್ಲಿ ಬೂದು ಬಣ್ಣ ಬೂದಾಗಿಯೇ ಇತ್ತು.

ಎಲ್ಲವನ್ನೂ ತಾನೇ ಸರಿಮಾಡುವ ಆಟೊ ಬಟನ್ ಒತ್ತಿಯೂ ನೋಡಿದೆ. ಅದು ಅಮ್ಮನ ಕೆನ್ನೆ, ಕೈಯ ಅರಿಸಿನವನ್ನೆಲ್ಲ ತೊಳೆದುಹಾಕಿತು. ಮದುಮಗಳ ಮೈ ಹಳದಿ ಇರುತ್ತದೆ ಅಂತ ಅದಕ್ಕೇನು ಗೊತ್ತು? ಮೊಬೈಲಿನ ಒಂದು ಆ್ಯಪ್ ಇನ್ನೂ ಮುಂದೆ ಹೋಗಿ ಅಜ್ಜಿಯ ಮೂಗುಬೊಟ್ಟನ್ನು ಕಲೆ ಅಂತ ಅಳಿಸಿ, ಬೊಚ್ಚುಬಾಯಿಗೆ ಮುತ್ತಿನಂಥ ಹಲ್ಲು ಜೋಡಿಸಿತು. ಅಮ್ಮ ನೋಡಿ, "ಇದ್ಯಾರೇ ಇದು, ಸೀರಿಯಲ್ ಅತ್ತೆ?" ಅಂದಳು. ಅವತ್ತೇ ಆ ಆ್ಯಪ್ ತೆಗೆದುಹಾಕಿದೆ.

ಇಷ್ಟೆಲ್ಲ ಆದರೂ ಅಮ್ಮನ ಧಾರೆ ಸೀರೆ ಮಾತ್ರ ಮಣ್ಣಿನ ಬಣ್ಣದಲ್ಲೇ ಉಳಿಯಿತು. ಸಯಾನ್ ಎಲ್ಲಿ ಜಾಸ್ತಿ ಬೇಕಿತ್ತೋ ಅಲ್ಲೇ ಜಾಸ್ತಿ ಹೋಗಿತ್ತು. ಲೆವೆಲ್ಸ್ ಎಳೆದರೂ ಇಲ್ಲದ್ದು ಎಲ್ಲಿಂದ ಬಂದೀತು? ಅಲ್ಲಿ ಬಣ್ಣವನ್ನು ನಾನೇ ಹಚ್ಚಬೇಕು. ಯಾವ ಬಣ್ಣ?

"ಗಿಳಿ ಹಸಿರು," ಅಂದಳು ಅಮ್ಮ.

ಚಿಕ್ಕಮ್ಮನಿಗೆ ಫೋನ್ ಮಾಡಿದೆ. "ಹಸಿರಂತೆ ಹಸಿರು! ನೀಲಿ ಕಣೇ. ಆ ಸೀರೆ ನಂಗೇ ಬೇಕು ಅಂತ ಎರಡು ದಿನ ಊಟ ಬಿಟ್ಟಿದ್ದೆ, ನಂಗೆ ಗೊತ್ತಿಲ್ವಾ?"

ಅಪ್ಪನನ್ನು ಕೇಳಿದರೆ ಪೇಪರಿನಿಂದ ತಲೆ ಎತ್ತದೆ, "ಕೆಂಪು ಇರಬೇಕು, ಫೋಟೊದಲ್ಲಿ ಹಾಗೇ ಇತ್ತಲ್ಲ," ಅಂದರು.

ಸೀರೆ ಉಳಿದಿರಲಿಲ್ಲ. ಸೆರಗು ಪಿಸಿದ ಮೇಲೆ ಅದನ್ನು ಕತ್ತರಿಸಿ ನನಗೊಂದು ಜರಿ ಲಂಗ ಹೊಲಿಸಿದ್ದರು. ಮೂರನೇ ಕ್ಲಾಸಿನಲ್ಲಿ ಹಾಕಿಕೊಂಡ ನೆನಪು. ಹಳೇ ಟ್ರಂಕಿನ ತಳದಲ್ಲಿ ನುಸಿಗುಳಿಗೆ ವಾಸನೆಯ ನಡುವೆ ಆ ಲಂಗ ಸಿಕ್ಕಿತು. ಹೊರಗೆಲ್ಲ ಬಣ್ಣ ಸ್ವಲ್ಪ ತೆಳ್ಳಗಾಗಿತ್ತು. ಅಂಚಿನ ಹೊಲಿಗೆ ಬಿಚ್ಚಿ ಒಳಮಡಿಕೆ ನೋಡಿದೆ. ಬೆಳಕೇ ಕಾಣದ ಆ ಎರಡು ಇಂಚು ಹೊಸದರ ಹಾಗೇ ಇತ್ತು. ಕಿಟಕಿಗೆ ಹಿಡಿದರೆ ಹಸಿರು. ವಾಲಿಸಿದರೆ ನೀಲಿ. ಹಾಸು ನೀಲಿ ರೇಷ್ಮೆ, ಹೊಕ್ಕು ಹಸಿರು. ಅಕ್ಕತಂಗಿ ಇಬ್ಬರೂ ಸುಳ್ಳು ಹೇಳಿರಲಿಲ್ಲ.

ಅವತ್ತು ಫೋಟೊಗ್ರಾಫರ್ ಎದುರಿಂದ ಫ್ಲ್ಯಾಶ್ ಹೊಡೆದದ್ದು ಗೋಡೆಯ ನೆರಳಿನಲ್ಲಿ ಗೊತ್ತಾಗುತ್ತದೆ. ಹಾಗಾಗಿ ನಾನೂ ಲಂಗಕ್ಕೆ ನೆರಿಗೆ ಹಿಡಿದು, ಮಬ್ಬು ಕೋಣೆಯಲ್ಲಿ ಮೊಬೈಲಿನ ಫ್ಲ್ಯಾಶಿನಲ್ಲಿ ಫೋಟೊ ತೆಗೆದೆ. ಕ್ಯಾಮರಾಕ್ಕೆ ಎದುರಾದ ನೆರಿಗೆಯ ಬೆನ್ನು ಹಸಿರು, ಪಕ್ಕಕ್ಕೆ ಇಳಿಯುವ ಕಡೆ ನೀಲಿ. ಆ ಎರಡು ಬಣ್ಣ ಎತ್ತಿಕೊಂಡು, ಗಿಂಪಿನಲ್ಲಿ ಹೊಸ ಲೇಯರ್ ಹಾಕಿ, ಅದರ ಮೋಡನ್ನು ಎಲ್‌ಸಿಎಚ್ ಕಲರ್‌ಗೆ ಇಟ್ಟೆ. ಹೀಗೆ ಇಟ್ಟರೆ ಕೆಳಗಿನ ನೆರಳು ಬೆಳಕು ಹಾಗೇ ಇದ್ದು ಬಣ್ಣ ಮಾತ್ರ ಕೂರುತ್ತದೆ. ಒಂದೊಂದೇ ನೆರಿಗೆ ಹಿಡಿದು ಹಚ್ಚುತ್ತಾ ಮೂರು ಸಂಜೆ ಹೋಯಿತು. ನೈಟ್ ಲೈಟ್ ಬಂದ್ ಮಾಡಿಯೇ ಕೂತಿದ್ದೆ, ಹೇಳಬೇಕಿಲ್ಲ.

ಮೂಲ ಫೋಟೊ ಮೂರೂವರೆ ಇಂಟು ಐದು ಇಂಚು. 600ರಲ್ಲಿ ಸ್ಕ್ಯಾನ್ ಆದದ್ದನ್ನು 300ರಲ್ಲಿ ಹಾಕಿದರೆ ಅದರ ಎರಡರಷ್ಟು, ಏಳು ಇಂಟು ಹತ್ತರ ಪ್ರಿಂಟ್ ಚೆನ್ನಾಗಿಯೇ ಬರುತ್ತದೆ. ಮೊದಲ ಪ್ರಿಂಟ್ ಕತ್ತಲೆ ಕತ್ತಲೆಯಾಗಿ ಬಂತು. ನನ್ನ ಪರದೆ ಪೂರ್ತಿ ಬೆಳಕಿನಲ್ಲಿತ್ತು, ತಪ್ಪು ನನ್ನದೇ. ಎರಡನೆಯದರಲ್ಲಿ ಅರಿಸಿನ ಮತ್ತೆ ಮಾಯ! ಲ್ಯಾಬಿನ ಯಂತ್ರವೂ ತನ್ನಷ್ಟಕ್ಕೆ ಬಣ್ಣ ತಿದ್ದುತ್ತದಂತೆ. "ಅಣ್ಣಾ, ಯಾವ ಕರೆಕ್ಷನ್ನೂ ಬೇಡ, ಇದ್ದ ಹಾಗೇ ಹಾಕಿ" ಅಂತ ಕೌಂಟರಿನಲ್ಲಿ ನಿಂತೇ ಹಾಕಿಸಿದೆ. ಮೂರನೆಯದು ಸರಿ ಬಂತು.

ಅಮ್ಮ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದಳು. ಸೆರಗಿನ ಹತ್ತಿರ ಬೆರಳಿಟ್ಟು, "ಇಲ್ಲಿ ಹಸಿರು, ನೋಡು, ನಾನು ಹೇಳಲಿಲ್ವಾ?" ಅಂದಳು. ನೀಲಿ ಕಂಡರೂ ಕಾಣದವಳ ಹಾಗಿದ್ದಳು. ಆಮೇಲೆ ಎದ್ದು ಒಳಗೆ ಹೋದಳು. ಸದ್ದು ಕೇಳಿ ನಾನೂ ಹಿಂದೆ ಹೋಗಿ ನೋಡಿದರೆ ಅದೇ ಹಳೇ ಅಂಟಿನ ಆಲ್ಬಮ್ ತೆರೆದು, ಪ್ಲಾಸ್ಟಿಕ್ ಹಾಳೆ ಎತ್ತಿ, ಹೊಸ ಫೋಟೊಗೆ ಜಾಗ ಮಾಡುತ್ತಿದ್ದಳು.