ಮಂಗಳವಾರದ ಗುಡಿ, ಮಂಗಳವಾರದ ಆಸ್ಪತ್ರೆ

ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಮಂಗಳವಾರ. ‘ಗಾಳಿ ಸೋಕಿದೆ’ ಎಂದು ಮನೆಯವರು ಕರೆತರುವವರು ಚಿಂತಾಮಣಿ ತಾಲ್ಲೂಕಿನ ನಮ್ಮ ಕಡೆಯ ಅಮ್ಮನ ಗುಡಿಯಲ್ಲಿ ಸೇರುವುದೂ ಅದೇ ಮಂಗಳವಾರ. ಮನಶ್ಶಾಸ್ತ್ರಜ್ಞೆಯಾದ ನಾನು ಆ ಗುಡಿಯ ಪೂಜಾರಪ್ಪನವರನ್ನು ಹುಡುಕಿಕೊಂಡು ಹೋದದ್ದು ಈ ಕಾರಣಕ್ಕೆ.

ಮೊದಲ ಭೇಟಿಯಲ್ಲಿ ರೋಗಲಕ್ಷಣಗಳನ್ನು ವಿವರಿಸಿ, ಅಂಥವರನ್ನು ನಮ್ಮಲ್ಲಿಗೆ ಕಳಿಸಿ ಎಂದೆ. ಅವರು ಗೌರವದಿಂದ ಕೇಳಿಸಿಕೊಂಡು ಪ್ರಸಾದ ಕೊಟ್ಟರು. ಮೂರು ತಿಂಗಳು ಒಬ್ಬರೂ ಬರಲಿಲ್ಲ. ಬಳಿಕ ಒಂದು ಅಮಾವಾಸ್ಯೆಯಂದು ದಿನವಿಡೀ ಗುಡಿಯ ಜಗಲಿಯಲ್ಲಿ ಕುಳಿತು ನೋಡಿದಾಗ, ಬಂದವರನ್ನು ಅವರು ಆಗಲೇ ಬೇರ್ಪಡಿಸುತ್ತಿರುವುದು ಕಂಡಿತು. ಮನೆಯ ಕಲಹ, ಸಾವಿನ ದುಃಖ ಹೊತ್ತು ಬಂದವರನ್ನು ಸಾವಕಾಶವಾಗಿ ಮಾತಾಡಿಸಿ ಕುಂಕುಮ ಕೊಡುತ್ತಿದ್ದರು. ಕೆಲವರ ವಿಷಯದಲ್ಲಿ ಮಾತ್ರ “ಇದು ನನ್ನ ಕೈಲಿ ಆಗೋದಲ್ಲ” ಎಂದು ಸುಮ್ಮನಾಗುತ್ತಿದ್ದರು. ಅವರನ್ನು ಆಸ್ಪತ್ರೆಗೆ ಕಳಿಸಿದರೆ ಅಲ್ಲಿ ಅಮ್ಮನನ್ನು ಹೀಯಾಳಿಸುತ್ತಾರೆಂಬ ಅಳುಕು ಅವರಿಗಿತ್ತು.

ಎಷ್ಟು ರಾತ್ರಿಯಿಂದ ನಿದ್ದೆಯಿಲ್ಲ, ಊಟ ಬಿಟ್ಟು ಎಷ್ಟು ದಿನವಾಯಿತು, ಸಾಯುವ ಮಾತು ಬಂದಿದೆಯೇ ಎಂದು ವಿಚಾರಿಸಲು ಅವರು ಒಪ್ಪಿದರು. ತಾಯಿತ ಬಿಚ್ಚಿ ಎಂದು ನಾನು ಹೇಳುವುದಿಲ್ಲ, ಮಾತ್ರೆ ಬಿಡಿ ಎಂದು ಅವರು ಹೇಳುವುದಿಲ್ಲ ಎಂದೂ ಮಾತಾಯಿತು. ರೋಗಿಯ ಒಪ್ಪಿಗೆಯಿಲ್ಲದೆ ನಾನು ಅವರಿಗೂ ಏನನ್ನೂ ತಿಳಿಸುವಂತಿಲ್ಲ ಎಂದಾಗ ಅವರು ತಕ್ಷಣ ತಲೆದೂಗಿದರು. ಹರಕೆಯ ಮಾತು ಗುಡಿ ದಾಟಬಾರದೆಂಬುದು ಅವರ ತಂದೆಯ ಕಾಲದ ನಡವಳಿಯಂತೆ.

ಕಷ್ಟವಾದದ್ದು ಗುಡಿಗೆ ಕರೆತಂದಿದ್ದ ಹುಡುಗನೊಬ್ಬನಿಗೆ ಬಿಗಿದಿದ್ದ ಸರಪಳಿಯ ವಿಚಾರ. “ಬಿಚ್ಚಿದ್ರೆ ಹುಡುಗ ಕೆರೆ ಕಡೆ ಓಡ್ತಾನಮ್ಮಾ” ಎಂದರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 95ನೇ ಕಲಂ ಸರಪಳಿಯನ್ನು ನಿಷೇಧಿಸಿದೆ ಎಂದದ್ದು ಅವರಿಗೆ ತಟ್ಟಲಿಲ್ಲ. ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿದ್ದ ಆಶ್ರಯತಾಣಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಕಟ್ಟಿಹಾಕಿದ್ದ 28 ಮಂದಿ ಓಡಲಾಗದೆ ಸತ್ತರೆಂದು ಹೇಳಿದಾಗ, ಅವರೇ ಎದ್ದುಹೋಗಿ ಬೀಗದ ಕೈ ಕೇಳಿದರು. ಹುಡುಗನ ಮಾವಂದಿರು ಸರದಿಯಲ್ಲಿ ಕಾವಲಿದ್ದು, ಮರುದಿನ ಅವನನ್ನು ಆಸ್ಪತ್ರೆಗೆ ಕರೆತಂದರು.

ನಾನು ಅವರ ನೆರವು ಬೇಡಿದ ಸಂದರ್ಭವೂ ಬಂತು. ಮನಸ್ಸಿನ ತೀವ್ರ ಏರಿಳಿತವನ್ನು ಹತೋಟಿಯಲ್ಲಿಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದ ಹೆಣ್ಣುಮಗಳೊಬ್ಬರು ಒಂಬತ್ತು ಮಂಗಳವಾರ ನೀರೂ ಮುಟ್ಟದ ಉಪವಾಸದ ಹರಕೆ ಹೊತ್ತಿದ್ದರು. ಮೈಯಲ್ಲಿ ನೀರು ಕಡಿಮೆಯಾದರೆ ಆ ಔಷಧಿಯ ಅಂಶ ರಕ್ತದಲ್ಲಿ ಏರಿ ವಿಷವಾಗಬಹುದು. ನಾನೂ ಮನೋವೈದ್ಯರೂ ಎಷ್ಟು ಹೇಳಿದರೂ ಅವರು ಕೇಳಲಿಲ್ಲ, ಏಕೆಂದರೆ ಹರಕೆಯನ್ನು ಸಡಿಲಿಸುವ ಅಧಿಕಾರ ನಮಗಿರಲಿಲ್ಲ. ಅವರ ಒಪ್ಪಿಗೆ ಪಡೆದು ಪೂಜಾರಪ್ಪನವರಿಗೆ ತಿಳಿಸಿದೆ. ಅವರು ದೇವಿಯ ಮುಂದೆ ಹೂವಿಟ್ಟು ಪ್ರಾರ್ಥಿಸಿ, ತೀರ್ಥದ ಚೊಂಬನ್ನೇ ಆಕೆಯ ಕೈಗಿತ್ತು, “ಕುಡಿಯವ್ವ, ಅಮ್ಮ ಒಪ್ಪವ್ಳೆ” ಎಂದರು. ಆಕೆ ನಿಂತಲ್ಲೇ ಅಷ್ಟನ್ನೂ ಕುಡಿದು, ರಕ್ತಪರೀಕ್ಷೆಗೆ ಯಾವ ದಿನ ಬರಬೇಕೆಂದು ನನ್ನನ್ನು ಕೇಳಿದರು.