ಎರಡನೇ ಹದ

ದಾವಣಗೆರೆಯ ಅಂಗಡಿಯೊಂದರಲ್ಲಿ ‘ಪ್ಯೂರ್ ಲೆದರ್’ ಎಂದು ಕೊಟ್ಟ ತುಂಡಿನ ಮೇಲೆ ಎರಡು ಸಂಜೆ ಕೂತು ಬಳ್ಳಿಯ ಚಿತ್ರ ಗೀರಿ, ಅಚ್ಚಿನಿಂದ ಒತ್ತಿ ಕೆತ್ತಿದೆ. ಬೆಳಗ್ಗೆ ಎದ್ದು ನೋಡಿದರೆ ಬಳ್ಳಿಯೇ ಇಲ್ಲ, ಚರ್ಮ ಸ್ಪಂಜಿನ ಹಾಗೆ ಉಬ್ಬಿಕೊಂಡಿತ್ತು. ಅಂಚು ಕತ್ತರಿಸಿದಾಗ ಒಳಗೆ ನಸುನೀಲಿ: ಕ್ರೋಮ್ ಉಪ್ಪಿನಲ್ಲಿ ಹದ ಮಾಡಿದ್ದು. ಅಂಗಡಿಯವರದೇನೂ ಸುಳ್ಳಲ್ಲ, ಅದೂ ಚರ್ಮವೇ. ಯಾವ ಹದ ಅಂತ ಕೇಳದೆ ತಂದವನು ನಾನು.

ಕೆತ್ತನೆ ನಿಲ್ಲುವುದು ಜಾಲಿ ತೊಗಟೆ, ತಂಗಡಿ ತೊಗಟೆ, ಅಳಲೆಕಾಯಿಯ ಒಗರು ನೀರಿನಲ್ಲಿ ವಾರಗಟ್ಟಲೆ ನೆನೆದ ತೊಗಲಿನಲ್ಲಿ. ಅಡ್ಡ ಕತ್ತರಿಸಿದರೆ ಒಳಗೂ ಕಂದು. ಬಣ್ಣ ಬಳಿಯದ ತುಂಡಾದರೆ ಒಂದು ಹನಿ ನೀರು ಬಿದ್ದರೂ ಹೀರಿಕೊಂಡು ಕಪ್ಪಿಡುತ್ತದೆ. ಆಮೇಲೆ ಅಂಥದ್ದನ್ನೇ, 3 ಮಿ.ಮೀ. ದಪ್ಪದ್ದು, ಈರೋಡ್ ಕಡೆಯಿಂದ ತರಿಸಿಕೊಂಡೆ.

ಅದು ಹೊಂಡದಲ್ಲಿ ಆಗುವ ಹದ. ಎರಡನೆಯದು ನೀರಿನ ಹದ, ನಾವೇ ಹಿಡಿಯಬೇಕಾದ್ದು. ತೀರಾ ಒದ್ದೆ ಇದ್ದಾಗ ಗೀರಿದರೆ ಗೆರೆ ಮುಚ್ಚಿಕೊಳ್ಳುತ್ತದೆ, ಒಣಗಿದ ಮೇಲೆ ಹೊಡೆದರೆ ಅಚ್ಚು ಇಳಿಯುವುದೇ ಇಲ್ಲ. ಚಿತ್ರದುರ್ಗದ ಬಿಸಿಲಂತೂ ಗೊತ್ತಲ್ಲ, ಸ್ಪಂಜಿನಲ್ಲಿ ಒರೆಸಿ ಚಹಾ ಕುಡಿದು ಬರುವಷ್ಟರಲ್ಲಿ ಮೇಲ್ಪದರ ಗರಿಗರಿ. ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವ ಅಜ್ಜ ಒಬ್ಬರು ನನ್ನ ಪಟ್ಟಿಯನ್ನು ಬಗ್ಗಿಸಿ ನೋಡಿ, ‘ಕೈಗೆ ಗೊತ್ತಾಗಲ್ಲ ಸಾರ್, ಕೆನ್ನೆಗೆ ಇಟ್ಕಂಡು ನೋಡ್ರಿ. ತಣ್ಣಗಿರಬೇಕು, ಒದ್ದೆ ಇರಬಾರ್ದು’ ಅಂದರು. ಈಗ ರಾತ್ರಿ ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡುತ್ತೇನೆ. ಬೆಳಗ್ಗೆ ತೆಗೆದು ಹರವಿದಾಗ ಕಪ್ಪು ಬಿಟ್ಟು ಮೊದಲಿನ ಬಣ್ಣ ಮರಳತೊಡಗುತ್ತದಲ್ಲ, ಆಗ ಕೆನ್ನೆಗೆ ತಣ್ಣಗೆ ತಗಲಿದರೆ ಶುರು.

ಅಡುಗೆ ಕಟ್ಟೆಗೆ ಹಾಕಿ ಮಿಕ್ಕ ಗ್ರಾನೈಟ್ ತುಂಡೇ ನನ್ನ ಅಡಿಗಲ್ಲು. ಗೆರೆ ಗೀರುವ, ಅಲಗು ತಿರುಗುವ ಚಾಕು ಕೊಂಡಿದ್ದು, ಕೊಡತಿ ಮರದ್ದು. ಗೆರೆಯ ಒಂದು ಬದಿ ತಗ್ಗಿಸಿ ಚಿತ್ರವನ್ನು ಮೇಲೆತ್ತುವ ಅಚ್ಚು ಮಾತ್ರ ದುಬಾರಿ ಅನ್ನಿಸಿತು. ದಪ್ಪ ಮೊಳೆಯ ತಲೆಯನ್ನು ಅರದಿಂದ ಓರೆಯಾಗಿ ಉಜ್ಜಿ ನಾನೇ ಮಾಡಿಕೊಂಡೆ.

ಎಡವಟ್ಟಾಗಿದ್ದು ಅಲ್ಲೇ. ಕೋಟೆ ಬಾಗಿಲಿನ ಗೋಡೆಯಲ್ಲಿರುವ ನಾಗರದ ಹಾಗೆ ಬೆಲ್ಟ್ ಉದ್ದಕ್ಕೂ ಒಂದು ಹಾವು ಕೆತ್ತಿದ್ದೆ, ನಾಲ್ಕು ಭಾನುವಾರದ ಕೆಲಸ. ಕೊನೆಯ ದಿನ ಅದೇ ಮೇಜಿನ ಮೇಲೆ ಇನ್ನೊಂದು ಮೊಳೆ ಉಜ್ಜಿದೆ, ಕಬ್ಬಿಣದ ಪುಡಿ ಬೆಲ್ಟ್ ಮೇಲೆ ಉದುರಿತು. ಮರುದಿನ ಹಾವಿನ ಮೈತುಂಬ ಸಾಸಿವೆಯಂಥ ಕಪ್ಪು ಚುಕ್ಕೆ! ಬಾಳೆಕಾಯಿ ಹೆಚ್ಚಿದ ಕಬ್ಬಿಣದ ಚಾಕು ಕಪ್ಪಾಗುವುದೂ, ಅಳಲೆಕಾಯಿ ಮತ್ತು ಅನ್ನಭೇದಿ ಎಂಬ ಕಬ್ಬಿಣದ ಉಪ್ಪು ಸೇರಿದರೆ ಮಸಿಯಾಗುವುದೂ ಇದೇ ಕಾರಣಕ್ಕೆ. ಒಗರಿಗೆ ಕಬ್ಬಿಣ ತಾಗಬಾರದು, ಒದ್ದೆ ಇದ್ದಾಗಲಂತೂ ಬೇಡವೇ ಬೇಡ.

ಚುಕ್ಕೆ ಹೋಗಲಿಲ್ಲ. ಹಾಳಾಗಲಿ, ಪೂರ್ತಿ ಕಪ್ಪೇ ಮಾಡೋಣ ಅಂದುಕೊಂಡೆ. ವಿನೆಗರ್ ಬಾಟಲಿಗೆ ತುಕ್ಕು ಮೊಳೆ ಹಾಕಿ ಹತ್ತು ದಿನ ಇಟ್ಟೆ. ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಅನಿಲ ಏಳುತ್ತದೆ. ಮೊದಲು ಹಾಲಿಲ್ಲದ ಗಟ್ಟಿ ಚಹಾ ಬಳಿದು ಒಗರು ಹೆಚ್ಚಿಸಿ, ಮೇಲೆ ಈ ನೀರು ಸವರಿದೆ. ಮೊದಲು ಕೊಳಕು ಬೂದಿ ಬಣ್ಣ, ಎದೆ ಧಸಕ್ಕೆಂದಿತು. ನೋಡನೋಡುತ್ತ ಅದು ಕಪ್ಪಾಯಿತು, ಹಚ್ಚಿದ ಬಣ್ಣವಲ್ಲ, ತೊಗಲೇ ಕಪ್ಪಾದದ್ದು. ಹುಳಿ ಉಳಿಯದಂತೆ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಒರೆಸಿ, ಆರಿದ ಮೇಲೆ ದನದ ಕಾಲಿನ ಮೂಳೆಯಿಂದ ತೆಗೆಯುವ ನೀಟ್ಸ್‌ಫೂಟ್ ಎಣ್ಣೆ ತೆಳ್ಳಗೆ ಒಂದೇ ಸಲ. ಎಣ್ಣೆ ಜಾಸ್ತಿಯಾದರೆ ಕೆತ್ತನೆಯ ಮೊನೆ ಮೆತ್ತಗಾಗುತ್ತದೆ. ಕೊನೆಗೆ ಜೇನುಮೇಣ. ಅಂಚನ್ನು ನೀರು ಮುಟ್ಟಿಸಿ ಮರದ ತುಂಡಿನಿಂದ ತಿಕ್ಕಿದೆ, ಗಾಜಿನಂತೆ ನುಣುಪಾಯಿತು.

ಅಜ್ಜನಿಗೆ ತೋರಿಸಿದೆ. ಹಾವಿನ ಕಡೆ ಕಣ್ಣೂ ಹಾಯಿಸಲಿಲ್ಲ. ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, ‘ಇದು ಚೆನ್ನಾಗ್ ಬಂದೈತೆ’ ಅಂದರು. ಅರ, ಮೊಳೆ ಎಲ್ಲ ಈಗ ಹಿತ್ತಲಲ್ಲಿವೆ.